ಕೋಡಿ ಹತ್ತುವ ಮೀನುಗಳು

ಕ್ಯಾತ್ಸಂದ್ರ ಅಂದ ತಕ್ಷಣ ಎಲ್ಲರೂ ತಟ್ಟೆ ಇಡ್ಲಿ ಅಂತಾರೆ. ನನಗೆ ಮೊದಲು ನೆನಪಾಗೋದು ಕೆರೆ ಕೋಡಿ ಬಿದ್ದ ದಿನ. ಕೆಂಪು ನೀರು ಧುಮುಕ್ತಾ ಇದ್ರೆ ಮೀನುಗಳು ಅದಕ್ಕೆ ಎದುರಾಗಿ ಹಾರೋವು. ನಾವೆಲ್ಲ ಬುಟ್ಟಿ, ಪಂಚೆ ಹಿಡಿದು ಕಾಯ್ತಿದ್ವಿ. ಸಿಕ್ಕ ಮೀನಿನ ಹೊಟ್ಟೆ ತುಂಬಾ ಮೊಟ್ಟೆ!

ಅವು ಯಾಕೆ ಹತ್ತುತ್ತವೆ ಅಂತ ಆಗ ಯೋಚಿಸಿರಲಿಲ್ಲ. ಮೊಟ್ಟೆ ಬಲಿತರೂ ಎಷ್ಟೋ ಮೀನುಗಳು ಮಳೆಗೆ ಕಾಯ್ತವೆ. ನೀರು ಏರಬೇಕು, ತಂಪಾಗಬೇಕು, ಕದಡಬೇಕು. ಆಗ ಗುಂಪು ಗುಂಪಾಗಿ ಹೊರಡ್ತವೆ. ಮೊಟ್ಟೆ ಫಲಿಸೋದು ನೀರಿನಲ್ಲೇ ಆದ್ದರಿಂದ ಗಂಡು ಹೆಣ್ಣು ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕು. ಅಂದರೆ ಮೀನಿಗೆ ಮಳೆ ಎಷ್ಟು ಮುಖ್ಯವೋ ಜೊತೆಗಾರರೂ ಅಷ್ಟೇ ಮುಖ್ಯ. ನಾವು ಕೋಡಿಯಲ್ಲಿ ಹಿಡೀತಿದ್ದದ್ದು ಆ ದಿಬ್ಬಣವನ್ನೇ.

ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟೋ ಶಿಂಷಾ ಕಾವೇರಿಗೆ ಸೇರುತ್ತೆ, ಜಯಮಂಗಲಿ ಉತ್ತರ ಪಿನಾಕಿನಿಗೆ. ಶಿಂಷಾ ದಾರಿಯಲ್ಲಿ ಗುಬ್ಬಿಯ ಕಡಬ ಕೆರೆ, ಆಮೇಲೆ ಕುಣಿಗಲ್‌ನ ಮಾರ್ಕೋನಹಳ್ಳಿ ಜಲಾಶಯ. ತಗ್ಗಾದ ಕೋಡಿಯನ್ನು ಮೀನು ಹೇಗೋ ಹತ್ತೀತು. ಆದರೆ ನಾಲ್ವಡಿಯವರ ಕಾಲದ ಮಾರ್ಕೋನಹಳ್ಳಿಯಲ್ಲಿ ತುಂಬಿದ ನೀರನ್ನು ತಾನೇ ಹೊರಹಾಕೋ ಸೈಫನ್ ಇದೆ. ಅದು ನೀರಿಗೆ ದಾರಿ, ಮೇಲೆ ಬರೋ ಮೀನಿಗಲ್ಲ.

ಈ ಚಿಂತೆ ಹೊಸದೇನಲ್ಲ. ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ, ಅಣೆಕಟ್ಟುಗಳ ಬುಡದಲ್ಲಿ ತಡೆದು ನಿಂತ ಮೀನುಗಳ ಮಾರಣಹೋಮದ ಬಗ್ಗೆ 1873ರ ವರದಿಯಲ್ಲೇ ಎಚ್ಚರಿಸಿದ್ದರು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗೀತು. ಸಮುದ್ರದಿಂದ ಕಾವೇರಿಗೆ ಬರ್ತಿದ್ದ ಹಿಲ್ಸಾ ಮೀನು ಆಮೇಲೆ ತೀರಾ ಕಡಿಮೆಯಾಯ್ತು. ಪ್ರವಾಹವನ್ನೇ ಕಟ್ಟಿ ನಿಲ್ಲಿಸಿದ ಮೇಲೆ ಮೀನಿಗೆ ಕರೆ ಕೊಡೋರು ಯಾರು?

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ದೊಡ್ಡ ಸಾಧನೆ, ಸಂದೇಹವಿಲ್ಲ. ಕೆರೆಗಳಿಗೆ ಕಾಟ್ಲಾ, ರೋಹು ಮರಿ ಬಿಡೋದು ಸುಲಭವಾಯ್ತು. ಮಳೆ ಕೊಡ್ತಿದ್ದ ಸೂಚನೆಯನ್ನ ಸೂಜಿ ಕೊಡ್ತು. ಆದರೆ ಸೂಜಿ ಸಿಕ್ಕಿದ್ದು ನಮಗೆ ಬೇಕಾದ ಕೆಲವೇ ಜಾತಿಗಳಿಗೆ. ಸಂತೆಯಲ್ಲಿ ಬೆಲೆಯಿಲ್ಲದ ಹಳ್ಳದ ಮೀನುಗಳು ಇವತ್ತಿಗೂ ಮಳೆಯನ್ನೇ ನಂಬಿವೆ. ಮಾರೋ ಮೀನಿಗೆ ಕೊರತೆಯಿಲ್ಲ ಅಂತಾದ ಮೇಲೆ ಅವುಗಳ ದಾರಿ ನಮಗೆ ಮರೆತೇ ಹೋಯ್ತು.

ಈಗಲೂ ಕೋಡಿ ಬಿದ್ದ ಸುದ್ದಿ ಬಂದ್ರೆ ನೋಡೋಕೆ ಹೋಗ್ತೀನಿ. ಪಂಚೆ ಮಾತ್ರ ಒಯ್ಯಲ್ಲ. ಹತ್ತೋದು ಹತ್ತಲಿ ಬಿಡಿ, ಹಿಡಿಯೋಕೆ ಉಳಿದ ತಿಂಗಳುಗಳಿಲ್ವಾ?

ನಿಮ್ಮೂರಲ್ಲಿ ಹೊಸ ನೀರಿಗೆ ಮೀನು ಹತ್ತೋದು ನೋಡಿದೀರಾ? ನೋಡಿದ್ರೆ ನೀವೂ ಬರೀರಿ.