ನೀರನ್ನು ಒಡೆದ ಜೀವಿಗಳು: ಆಮ್ಲಜನಕದ ಮೂಲದ ಶೋಧ

ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬಿಸಿಲಿದ್ದಾಗ ಮಾತ್ರ ಆಮ್ಲಜನಕ ಬಿಡುತ್ತವೆ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿದ್ದ. ಆ ಆಮ್ಲಜನಕ ಬರುವುದೆಲ್ಲಿಂದ ಎಂಬ ಪ್ರಶ್ನೆಗೆ ಮಾತ್ರ ಬಹುಕಾಲ ತಪ್ಪು ಉತ್ತರವೇ ಚಲಾವಣೆಯಲ್ಲಿತ್ತು. ದಾರಿ ತಪ್ಪಿಸಿದ್ದು ಲೆಕ್ಕದ ಅಚ್ಚುಕಟ್ಟು. ಎಲೆ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಹೀರಿದರೆ ಆಮ್ಲಜನಕದ ಒಂದು ಅಣು ಹೊರಬೀಳುತ್ತದೆ. ಎರಡರಲ್ಲೂ ಆಮ್ಲಜನಕದ ಪರಮಾಣುಗಳು ಎರಡೆರಡು. ಇಂಗಾಲವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಲೆ ಉಗುಳುತ್ತದೆ ಎಂದು ನಂಬಲು ಇಷ್ಟು ಸಾಕಾಯಿತು.

ಈ ನಂಬಿಕೆಯನ್ನು ಅಲುಗಿಸಿದ್ದು ಆಮ್ಲಜನಕವನ್ನೇ ಬಿಡದ ಜೀವಿಗಳು ಎಂಬುದು ಇತಿಹಾಸದ ತಮಾಷೆ. ಕ್ಯಾಲಿಫೋರ್ನಿಯಾದಲ್ಲಿದ್ದ ಡಚ್ ಸೂಕ್ಷ್ಮಜೀವಿ ವಿಜ್ಞಾನಿ ವಾನ್ ನೀಲ್ ಗಂಧಕದ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸುತ್ತಿದ್ದರು. ಇವು ಬೆಳಕಿನ ನೆರವಿನಿಂದ ಇಂಗಾಲದ ಡೈಆಕ್ಸೈಡನ್ನು ಬಳಸುತ್ತವೆ. ಆದರೆ ನೀರಿನ ಬದಲು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಬೇಕು, ಹೊರಬೀಳುವುದು ಗಂಧಕ. ಅಲ್ಲಿ ಗಂಧಕ ಸಲ್ಫೈಡಿನದಾದರೆ ಇಲ್ಲಿ ಆಮ್ಲಜನಕ ನೀರಿನದೇ ಆಗಿರಬೇಕು ಎಂದು ಅವರು 1931ರಲ್ಲಿ ವಾದಿಸಿದರು. ಕೇಂಬ್ರಿಜ್‌ನ ರಾಬಿನ್ ಹಿಲ್ 1937ರ ಪ್ರಯೋಗಗಳಲ್ಲಿ ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟ್‌ಗಳಿಗೆ ಕಬ್ಬಿಣದ ಲವಣವೊಂದನ್ನು ಕೊಟ್ಟರು. ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗದಿದ್ದರೂ ಆಮ್ಲಜನಕ ಬಂತು. 1941ರಲ್ಲಿ ಬರ್ಕ್ಲಿಯ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಮ್ಲಜನಕ-18 ಬೆರೆತ ನೀರನ್ನು ಪಾಚಿಗೆ ಕೊಟ್ಟಾಗ, ಹೊರಬಂದ ಅನಿಲದಲ್ಲಿ ನೀರಿನ ಗುರುತೇ ಕಂಡಿತು. ಪಠ್ಯಪುಸ್ತಕಗಳು ಇದನ್ನೇ ಅಂತಿಮ ತೀರ್ಪೆನ್ನುತ್ತವೆ. ನನಗೆ ಹಿಲ್ ಅವರ ಸಾಕ್ಷ್ಯವೇ ಹೆಚ್ಚು ಗಟ್ಟಿ. ಏಕೆಂದರೆ ನೀರು ಮತ್ತು ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ತಮ್ಮ ಆಮ್ಲಜನಕವನ್ನು ತಾವಾಗಿಯೇ ಅದಲುಬದಲು ಮಾಡಿಕೊಳ್ಳುತ್ತವೆ.

ನೀರು ಸುಲಭಕ್ಕೆ ಒಡೆಯುವ ವಸ್ತುವಲ್ಲ. 1969ರಲ್ಲಿ ಪಿಯೆರ್ ಜೋಲಿಯೊ ಮತ್ತು ಸಂಗಡಿಗರು ಕತ್ತಲಲ್ಲಿಟ್ಟ ಕ್ಲೋರೋಪ್ಲಾಸ್ಟ್‌ಗಳ ಮೇಲೆ ಬೆಳಕನ್ನು ಒಂದೊಂದೇ ಮಿಂಚಾಗಿ ಹಾಯಿಸಿದರು. ಆಮ್ಲಜನಕ ಹೆಚ್ಚಾಗಿ ಚಿಮ್ಮಿದ್ದು ಮೂರನೆಯ ಮಿಂಚಿಗೆ, ಆಮೇಲೆ ನಾಲ್ಕಕ್ಕೊಮ್ಮೆ. ಮರುವರ್ಷ ಬೆಸೆಲ್ ಕೋಕ್ ಇದರ ಗುಟ್ಟು ಬಿಡಿಸಿದರು: ಕಿಣ್ವದ ಕೇಂದ್ರ ಮಿಂಚಿಗೊಂದರಂತೆ ನಾಲ್ಕು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು, ಆ ಕೊರತೆಯನ್ನೆಲ್ಲ ಒಟ್ಟಿಗೆ ಎರಡು ನೀರಿನ ಅಣುಗಳಿಂದ ತುಂಬಿಕೊಳ್ಳುತ್ತದೆ. ಕತ್ತಲಲ್ಲಿ ಅದು ಮೊದಲ ಮೆಟ್ಟಿಲೇರಿಯೇ ಕಾದಿರುವುದರಿಂದ ಮೊದಲ ಸುತ್ತಿಗೆ ಮೂರೇ ಮಿಂಚು ಸಾಕು. ಆ ಕೇಂದ್ರದಲ್ಲಿರುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕ ಪರಮಾಣುಗಳ ಗೊಂಚಲು. ಜಪಾನಿನ ವಿಜ್ಞಾನಿಗಳು 2011ರಲ್ಲಿ ಅದರ ಸ್ಪಷ್ಟ ಚಿತ್ರ ಪಡೆದದ್ದು ಸಯನೋಬ್ಯಾಕ್ಟೀರಿಯಾದ ಹರಳುಗಳಿಂದ. ಹುಲ್ಲಿನಲ್ಲೂ ಆಲದಲ್ಲೂ ಇರುವುದು ಇದೇ ಗೊಂಚಲು. ಸಸ್ಯಗಳ ಕ್ಲೋರೋಪ್ಲಾಸ್ಟ್ ಒಂದು ಕಾಲಕ್ಕೆ ಸಯನೋಬ್ಯಾಕ್ಟೀರಿಯಾವೇ ಆಗಿತ್ತಲ್ಲ!

ಈ ಯಂತ್ರ ಹುಟ್ಟಿದ್ದು ಯಾವಾಗ? 2000ದಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಹಳೆಯ ಶಿಲೆಗಳಲ್ಲಿ ಗಂಧಕದ ಐಸೋಟೋಪ್‌ಗಳ ವಿಚಿತ್ರ ಪ್ರಮಾಣವನ್ನು ಕಂಡರು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದ್ದರಷ್ಟೇ ಆ ಗುರುತು ಉಳಿಯುತ್ತದೆ. ಸುಮಾರು 240 ಕೋಟಿ ವರ್ಷಗಳ ಹಿಂದಿನಿಂದ ಅದು ಮಾಯವಾಗತೊಡಗುತ್ತದೆ. ಆದರೆ ಇದು ಗಾಳಿ ಬದಲಾದ ಕಾಲ. ನೀರು ಒಡೆಯುವ ವಿದ್ಯೆ ಅದಕ್ಕೂ ಮೊದಲೇ ಸಿದ್ಧಿಸಿರಬೇಕು. ಎಷ್ಟು ಮೊದಲು ಎಂಬಲ್ಲಿ ಜಗಳ. ಆಸ್ಟ್ರೇಲಿಯಾದ 270 ಕೋಟಿ ವರ್ಷದ ಶಿಲೆಗಳಲ್ಲಿ ಸಯನೋಬ್ಯಾಕ್ಟೀರಿಯಾದ ಕೊಬ್ಬಿನ ಕುರುಹು ಸಿಕ್ಕಿತೆಂದು 1999ರಲ್ಲಿ ಪ್ರಕಟವಾಯಿತು. ಅದು ಆಮೇಲೆ ಹೊರಗಿನಿಂದ ಅಂಟಿದ್ದೆಂದು 2015ರ ಹೊತ್ತಿಗೆ ತಿಳಿಯಿತು.

ನಮ್ಮ ಸಂಡೂರಿನ ಪಟ್ಟೆಪಟ್ಟೆ ಕಬ್ಬಿಣದ ಶಿಲೆಗಳೂ ಹೆಚ್ಚುಕಡಿಮೆ ಆ ವಯಸ್ಸಿನವು. ಕಡಲಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದಿಂದಲೇ ತುಕ್ಕಾಗಿ ತಳ ಸೇರಿತೆಂದು ಹಿಂದೆ ಬರೆಯುತ್ತಿದ್ದರು. ಆ ಮಾತನ್ನು ಈಗ ಅಷ್ಟು ಸಲೀಸಾಗಿ ಆಡುವಂತಿಲ್ಲ. ಕಬ್ಬಿಣದಿಂದಲೇ ಎಲೆಕ್ಟ್ರಾನ್ ಕಸಿದು, ಆಮ್ಲಜನಕವಿಲ್ಲದೆ ಅದನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾಗಳು 1993ರಲ್ಲಿ ಪತ್ತೆಯಾಗಿವೆ. ವಾನ್ ನೀಲ್ ಅವರ ಜೀವಿಗಳ ಬಂಧುಗಳೇ ಮತ್ತೆ ಸಾಕ್ಷಿಕಟ್ಟೆ ಹತ್ತಿದಂತಾಯಿತು.

ನೀರಿಗೆ ಕೈಹಾಕುವ ಮೊದಲು ಪೂರ್ವಜ ಜೀವಿಗಳು ಕಡಲಿನ ಮ್ಯಾಂಗನೀಸಿನಿಂದ ಎಲೆಕ್ಟ್ರಾನ್ ಪಡೆಯುತ್ತಿದ್ದಿರಬಹುದು ಎಂಬ ಊಹೆಯೊಂದಿದೆ. 2013ರಲ್ಲಿ ಅದಕ್ಕೆ ಬೆಂಬಲವಾಗಿ ದಕ್ಷಿಣ ಆಫ್ರಿಕಾದ ಶಿಲೆಗಳನ್ನು ಮುಂದಿಟ್ಟರು. ಸಂಡೂರಿನಲ್ಲಿ ಲಾರಿಗೆ ತುಂಬುವ ಮ್ಯಾಂಗನೀಸ್ ಅದಿರನ್ನು ಇದಕ್ಕೆ ಪುರಾವೆಯಾಗಿ ಎತ್ತಿಕೊಳ್ಳಲಾಗದು. ಅದು ಬಹುಪಾಲು ಬಹಳ ತಡವಾಗಿ, ಮಳೆನೀರಿಗೆ ಶಿಲೆ ಸವೆದು ಮೇಲ್ಪದರದಲ್ಲಿ ಸಾಂದ್ರಗೊಂಡದ್ದು. ಹುಡುಕಬೇಕಾದದ್ದು ಅದರ ಅಡಿಯ ಸವೆಯದ ಮೂಲ ಶಿಲೆಯಲ್ಲಿ.