ಹಣ್ಣೆಲೆ

ಮರದ ಹಸಿರೆಲೆ ಉದುರುವ ಮುನ್ನ ಹಳದಿ, ಕಿತ್ತಳೆ, ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಹಂತದ ಎಲೆಯೇ ಹಣ್ಣೆಲೆ. ನೋಡುವವರಿಗೆ ಎಲೆ ಸಾಯುತ್ತಿರುವಂತೆ ಕಂಡರೂ ಇದು ಮರವೇ ನಡೆಸುವ, ಕ್ರಮ ತಪ್ಪದ ಕೆಲಸ. ಎಲೆಯಲ್ಲಿರುವ ಪೋಷಕಾಂಶಗಳನ್ನು ಮರ ರೆಂಬೆ, ಕಾಂಡ, ಬೇರುಗಳಿಗೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಬಣ್ಣ ಅದರ ಹೊರಗುರುತು.

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಫ್ರಾನ್ಸಿನ ರಸಾಯನವಿಜ್ಞಾನಿಗಳಾದ ಪೆಲ್ಲೆಟಿಯೆ ಮತ್ತು ಕಾವಾಂಟು 1817ರಲ್ಲಿ ಇದನ್ನು ಎಲೆಯಿಂದ ಬೇರ್ಪಡಿಸಿದರು. ಇದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ, ಅದನ್ನು ಹಿಡಿದುಕೊಂಡು ನಾಲ್ಕು ಸಾರಜನಕ ಪರಮಾಣುಗಳಿವೆ. ಕೆಂಪು ಮತ್ತು ನೀಲಿ ಬೆಳಕನ್ನು ಹೀರಿ ಹಸಿರನ್ನು ಬಿಟ್ಟುಕೊಡುವುದರಿಂದ ಎಲೆ ಹಸಿರಾಗಿ ಕಾಣುತ್ತದೆ. ಪತ್ರಹರಿತ್ತು ಇರುವ ಹರಿದ್ರೇಣು ಎಂಬ ಕಣಗಳಲ್ಲೇ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣಕಗಳೂ ಇರುತ್ತವೆ. ಗಜ್ಜರಿಯ ಬಣ್ಣ ಕೊಡುವುದೂ ಇದೇ ಗುಂಪು. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಸಾರವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದಾಗ ಹಸಿರು ಮತ್ತು ಹಳದಿ ಪಟ್ಟಿಗಳು ಬೇರೆಬೇರೆಯಾಗಿ ನಿಂತವು. 1906ರಲ್ಲಿ ಅವರು ಪ್ರಕಟಿಸಿದ ಈ ವಿಧಾನವೇ ಇಂದಿನ ಕ್ರೊಮಟೋಗ್ರಫಿ. ಎಲೆಯಲ್ಲಿ ಹಳದಿ ಹೊಸದಾಗಿ ಹುಟ್ಟುವುದಲ್ಲ, ಮೊದಲಿನಿಂದಲೂ ಇರುತ್ತದೆ. ಹಸಿರು ಸರಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಹಸಿರು ಸರಿಯುವುದೇಕೆ? ಎಲೆಯ ಸಾರಜನಕದಲ್ಲಿ ಹೆಚ್ಚಿನ ಪಾಲು ಇರುವುದು ಆಹಾರ ತಯಾರಿಸುವ ಪ್ರೋಟೀನುಗಳಲ್ಲಿ. ಮರ ಅವುಗಳನ್ನು ಒಡೆದು ಸಾರಜನಕವನ್ನು ವಾಪಸು ಪಡೆಯುತ್ತದೆ. ಆದರೆ ಪ್ರೋಟೀನಿನ ಹಿಡಿತ ತಪ್ಪಿದ ಪತ್ರಹರಿತ್ತು ಅಪಾಯಕಾರಿ. ಬಿಸಿಲು ಬಿದ್ದರೆ ಜೀವಕೋಶವನ್ನೇ ಹಾಳುಮಾಡುವ ಆಕ್ಸಿಜನ್ ರೂಪಗಳು ಹುಟ್ಟುತ್ತವೆ. ಆದ್ದರಿಂದ ಅದನ್ನು ಹಂತಹಂತವಾಗಿ ಬಿಡಿಸಿ, ಬಣ್ಣವಿಲ್ಲದ, ಹಾನಿ ಮಾಡದ ವಸ್ತುವಾಗಿ ಬದಲಿಸಬೇಕಾಗುತ್ತದೆ. ಈ ಕೆಲಸ ಶುರುಮಾಡುವ ಜೀನ್ ಕೆಟ್ಟರೆ ಎಲೆ ಮುಪ್ಪಾದರೂ ಹಸಿರಾಗಿಯೇ ಉಳಿಯುತ್ತದೆ. ಗ್ರೆಗರ್ ಮೆಂಡೆಲ್ 1866ರ ಪ್ರಬಂಧದಲ್ಲಿ ವಿವರಿಸಿದ ಹಳದಿ ಮತ್ತು ಹಸಿರು ಬಟಾಣಿಗಳ ವ್ಯತ್ಯಾಸಕ್ಕೆ ಕಾರಣ ಇದೇ ಜೀನ್ ಎಂಬುದು 2007ರಲ್ಲಿ ತಿಳಿಯಿತು. ಶಾಲೆಯ ಪಾಠದ ಆ ಬಟಾಣಿಗೂ ಹಣ್ಣೆಲೆಗೂ ಇಂಥ ನಂಟು ಇರುವುದು ಸಸ್ಯವಿಜ್ಞಾನದ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು.

ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಕೆಂಪು ವರ್ಣಕವನ್ನು ಎಲೆ ತನ್ನ ಕೊನೆಯ ದಿನಗಳಲ್ಲಿ ಸಕ್ಕರೆ ಖರ್ಚುಮಾಡಿ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಗಾಢವಾಗುತ್ತದೆ. ಉತ್ತರ ಅಮೆರಿಕದ ಮೇಪಲ್ ಕಾಡುಗಳು ಇದಕ್ಕೇ ಹೆಸರಾಗಿವೆ. ಉದುರಲಿರುವ ಎಲೆಗೆ ಈ ಖರ್ಚೇಕೆ ಎಂಬುದರ ಬಗ್ಗೆ ಎರಡು ಮುಖ್ಯ ವಾದಗಳಿವೆ. ಕೆಂಪು ಬಣ್ಣ ಕೀಟಗಳಿಗೆ ಎಚ್ಚರಿಕೆ ಎಂದು 2001ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಜೀವವಿಜ್ಞಾನಿಗಳಾದ ಹ್ಯಾಮಿಲ್ಟನ್ ಮತ್ತು ಬ್ರೌನ್ ವಾದಿಸಿದರು. ಪೋಷಕಾಂಶ ಹಿಂದೆಗೆಯುವ ಹೊತ್ತಿನಲ್ಲಿ ಅದು ಬಿಸಿಲಿನಿಂದ ರಕ್ಷಣೆ ಕೊಡುತ್ತದೆ ಎಂಬುದು ಇನ್ನೊಂದು ವಾದ; ಇದಕ್ಕೇ ತೂಕ ಹೆಚ್ಚು. ಮಾವಿನ ಎಳೆಯ ಚಿಗುರು ತಾಮ್ರದ ಬಣ್ಣಕ್ಕಿರುವುದೂ ಆಂಥೋಸಯನಿನ್‌ನಿಂದಲೇ.

ಸಮಶೀತೋಷ್ಣ ನಾಡುಗಳಲ್ಲಿ ಮರಕ್ಕೆ ಸೂಚನೆ ಕೊಡುವುದು ಹಗಲು ಕಿರಿದಾಗುವುದು ಮತ್ತು ಚಳಿ. ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಎಂಟು ಗಂಟೆಗೂ ಮೀರಿದ ಅಂತರವಿದ್ದರೆ ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಹಾಗಾಗಿ ಇಲ್ಲಿ ಮುಖ್ಯ ಸೂಚನೆ ನೆಲ ಒಣಗುವುದು. ಬಂಡೀಪುರ, ನಾಗರಹೊಳೆಗಳ ತೇಗ, ಮತ್ತಿ, ದಿಂಡಲು ಮರಗಳು ಮಳೆಗಾಲ ಮುಗಿದು ತೇವ ಆರಿದ ಮೇಲೆ ಎಲೆ ಬಿಟ್ಟು ನೀರು ಉಳಿಸಿಕೊಳ್ಳುತ್ತವೆ.

ಎಲೆ ತಾನಾಗಿ ಕಳಚುವುದಕ್ಕೂ ವ್ಯವಸ್ಥೆ ಇದೆ. ಎಲೆಯಿಂದ ಬರುವ ಆಕ್ಸಿನ್ ಎಂಬ ಹಾರ್ಮೋನು ಕಡಿಮೆಯಾಗಿ ಎಥಿಲೀನ್ ಕೈ ಮೇಲಾದಾಗ ತೊಟ್ಟಿನ ಬುಡದ ಒಂದು ಪದರದ ಕೋಶಗಳು ಬಿಡಿಬಿಡಿಯಾಗುತ್ತವೆ. ಗಾಯದ ಜಾಗವನ್ನು ಬೆಂಡಿನಂಥ ಪದರ ಮುಚ್ಚುತ್ತದೆ. ಪರಂಗಿ ಗಿಡದ ಕಾಂಡದುದ್ದಕ್ಕೂ ಕಾಣುವ ಗುರುತುಗಳು ಹೀಗೆ ಮಾಯ್ದ ಗಾಯಗಳೇ.

ಹಳದಿಯೆಲ್ಲ ಮುಪ್ಪಿನದಲ್ಲ. ಯಾವ ಎಲೆ ಮೊದಲು ಹಳದಿಯಾಯಿತು ಎಂಬುದನ್ನು ರೈತ ಗಮನಿಸಬೇಕು. ಸಾರಜನಕದ ಕೊರತೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ತೆಗೆದು ಚಿಗುರಿಗೆ ಕೊಡುವುದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣ ಹಾಗೆ ಸುಲಭವಾಗಿ ಸಾಗುವುದಿಲ್ಲ. ಅದರ ಕೊರತೆಯಲ್ಲಿ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಇದು ಸಾಮಾನ್ಯ. ಶೃಂಗೇರಿ, ಕೊಪ್ಪ, ಸುಳ್ಯ ಕಡೆಯ ಅಡಿಕೆ ತೋಟಗಳನ್ನು ಬರಿದುಮಾಡಿರುವ ಹಳದಿ ಎಲೆ ರೋಗ ಇವೆರಡಕ್ಕೂ ಸೇರಿದ್ದಲ್ಲ. ಅದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ. ಗೊಬ್ಬರ ಹಾಕಿ ಅದನ್ನು ವಾಸಿಮಾಡಲಾಗದು.

ಮರ ಎಷ್ಟೇ ಹಿಂದೆಗೆದರೂ ಎಲೆಯ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಎಲೆಯಲ್ಲೇ ಉಳಿಯುತ್ತದೆ. ಮಲೆನಾಡಿನವರು ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಒಣಗಿದ ಎಲೆಯನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಮರದ ಬುಡಕ್ಕೆ ಹಾಕುವುದರಿಂದ ಅದು ಮಣ್ಣು ಸೇರುತ್ತದೆ. ಊರು, ಪೇಟೆಗಳಲ್ಲಿ ಮಾಡುವಂತೆ ಗುಡಿಸಿ ಬೆಂಕಿ ಹಚ್ಚಿದರೆ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ, ಬೂದಿಯಲ್ಲಿ ಉಳಿಯುವುದು ಪೊಟ್ಯಾಶ್, ಸುಣ್ಣದಂಥ ಖನಿಜಗಳು ಮಾತ್ರ.