ಕಾಳಿಯ ಕಲ್ಲು ಮತ್ತು ನಮ್ಮ ಕುರಿಹಟ್ಟಿಯ ನಾಯಿಗಳು

ಕ್ರಿ.ಶ. 949ರಲ್ಲಿ ತಕ್ಕೋಲದ ಬಯಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೆಯಿತು. ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಅವನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆಯಂಥ ದೊಡ್ಡ ದೊಡ್ಡ ನಾಡುಗಳೇ ಸಿಕ್ಕವು. ಅದೇ ಯುದ್ಧದಲ್ಲಿ ಮಣಲೆರನೆಂಬ ವೀರನೂ ಇದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ ಏನು ಬೇಕೋ ಬೇಡಿಕೊಳ್ಳೆಂದ. ಮಣಲೆರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಆ ಬೇಟೆನಾಯಿಯನ್ನು ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ಕಾಳಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಸ್ಥಾನದ ಗೊರವ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿ, ಹಂದಿ ಎದುರುಬದುರಾಗಿ ಕಾದುತ್ತಿರುವ ಶಿಲ್ಪವುಳ್ಳ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆತಕೂರು ದೂರದ ಮಂಡ್ಯ ಜಿಲ್ಲೆಯ ಊರು, ನಾನು ಆಳಂದ ತಾಲೂಕಿನ ಖಜೂರಿಯವನು. ಆದರೂ ಆ ಕಲ್ಲಿನ ಕತೆಯಲ್ಲಿ ನಮ್ಮ ನೆಲಕ್ಕೂ ಪಾಲಿದೆ. ಕೃಷ್ಣನ ರಾಜಧಾನಿ ಮಾನ್ಯಖೇಟ ನಮ್ಮದೇ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಾಗಿ ಉಳಿದಿದೆ. ಅಲ್ಲಿಂದ ಆಳಿದ ದೊರೆಯ ಕಾಲದಲ್ಲಿ ನಾಯಿಯೊಂದಕ್ಕೆ ವೀರನ ಮರ್ಯಾದೆ ಸಂದಿತು. ಯುದ್ಧದಲ್ಲಿ ಮಡಿದವನಿಗೆ, ಊರ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ನಿಲ್ಲಿಸುತ್ತಿದ್ದಂತೆಯೇ ಕಾಳಿಗೂ ಕಲ್ಲು ನಿಲ್ಲಿಸಿದರು. ಹಂದಿಯ ಮೇಲೆ ಬಿಡುವವರೆಗೆ ಮಾತ್ರ ಅದು ಮನುಷ್ಯನ ಕೈಯಲ್ಲಿತ್ತು. ಮೈಮೇಲೆ ಬೀಳುವುದೋ ಹಿಂದೆ ಸರಿಯುವುದೋ ಎಂಬ ತೀರ್ಮಾನ ಕಾಳಿಯದೇ. ಆ ತೀರ್ಮಾನಕ್ಕೆ ಸಂದ ಗೌರವ ಆ ಕಲ್ಲು ಎಂದು ನಾನು ತಿಳಿದಿದ್ದೇನೆ.

ನಾನು ಹಾಗೆ ತಿಳಿಯುವುದಕ್ಕೆ ಕಾರಣ ನಮ್ಮ ಹೊಲಕ್ಕೆ ಬರುತ್ತಿದ್ದ ಕುರಿಹಟ್ಟಿಯ ನಾಯಿಗಳು. ಬಿಳಿಜೋಳದ ಸುಗ್ಗಿ ಮುಗಿದು ಎರಿ ಹೊಲಗಳು ಖಾಲಿಯಾದ ಮೇಲೆ ಕುರುಬರು ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಮೈತುಂಬ ಕಪ್ಪು ಉಣ್ಣೆಯ ದಖ್ಖನಿ ಕುರಿಗಳು, ಕುದುರೆಯ ಮೇಲೆ ಹೇರಿದ ಸಾಮಾನು, ಹೆಗಲ ಮೇಲೆ ಕಂಬಳಿ. ನಮ್ಮಪ್ಪ ಅವರಿಗೆ ಜೋಳ ಕೊಟ್ಟು ಹೊಲದಲ್ಲಿ ಕುರಿ ಕೂಡಿಸುತ್ತಿದ್ದ. ರಾತ್ರಿಯಿಡೀ ಬಿದ್ದ ಹಿಕ್ಕೆ, ಗಂಜಲವೇ ಮುಂದಿನ ಬೆಳೆಗೆ ಗೊಬ್ಬರ. ಹಿಂಡಿನ ಜೊತೆ ಎರಡು ಮೂರು ನಾಯಿಗಳು ಇರಲೇಬೇಕು. ಅವುಗಳಲ್ಲಿ ಒಂದು ಮೋತ್ಯಾ.

ಮೋತ್ಯಾ ಕರೆದರೆ ಬರುತ್ತಿರಲಿಲ್ಲ. ರೊಟ್ಟಿ ತೋರಿಸಿದರೂ ಬರುತ್ತಿರಲಿಲ್ಲ. ಹಗಲಲ್ಲಿ ಹಿಂಡಿನಿಂದ ಸ್ವಲ್ಪ ದೂರ, ಬದುವಿನ ಮೇಲೆ ಮಲಗಿರುತ್ತಿತ್ತು. ಹುಡುಗನಾದ ನನಗೆ ಅದು ಸೊಕ್ಕಿನ ನಾಯಿ ಅನಿಸಿ, ಅದರ ಧಣಿಯಾದ ಕುರುಬರ ಮುತ್ಯಾನಿಗೆ ದೂರು ಹೇಳಿದೆ. ಆ ಮುತ್ಯಾ ಹೇಳಿದ್ದು ಇಷ್ಟು: "ತಮ್ಮಾ, ನಾ ಹೇಳಿದಾಗ ಏಳೂ ನಾಯಿ ನನಗ್ಯಾಕ ಬೇಕು? ತ್ವಾಳ ಬರೂದು ನಾ ಮಲಗಿದಾಗ. ಆಗ ಅದಕ್ಕ ಹೇಳಾವ್ರು ಯಾರು?"

ಕುರಿ ಕಾಯುವ ನಾಯಿಯ ಚರಿತ್ರೆಯೆಲ್ಲ ಆ ಮಾತಿನಲ್ಲಿದೆ. ತೋಳ ಬರುವುದು ಕತ್ತಲಲ್ಲಿ. ಒಂದು ಕಡೆ ನಾಯಿಯನ್ನು ಬೊಗಳಿಸಿ ದೂರ ಎಳೆದೊಯ್ದು, ಇನ್ನೊಂದು ಕಡೆಯಿಂದ ಮರಿ ಹೊತ್ತೊಯ್ಯುವ ತೋಳಗಳ ಉಪಾಯ ನಮ್ಮ ಕಡೆಯ ಕುರುಬರಿಗೆಲ್ಲ ಗೊತ್ತು. ಯಾವ ಸದ್ದಿಗೆ ಬೊಗಳಬೇಕು, ಎಷ್ಟು ದೂರ ಅಟ್ಟಬೇಕು, ಯಾವಾಗ ಹಿಂಡಿಗೆ ತಿರುಗಿ ಬರಬೇಕು ಎಂಬುದನ್ನು ಆ ಕ್ಷಣ ನಾಯಿಯೇ ನಿರ್ಧರಿಸಬೇಕು. ಅಪ್ಪಣೆಗೆ ಕಾಯುವ ನಾಯಿ ಹಟ್ಟಿಯಲ್ಲಿ ಬದುಕುತ್ತಿರಲಿಲ್ಲ, ಬದುಕಿದರೂ ಅದರ ಮರಿಗಳನ್ನು ಯಾರೂ ಸಾಕುತ್ತಿರಲಿಲ್ಲ. ಯಾರ ನಾಯಿ ತನ್ನ ಬುದ್ಧಿಯಿಂದ ಕುರಿ ಉಳಿಸಿತೋ ಅದರ ಮರಿಗೆ ಊರೂರಿನಿಂದ ಬೇಡಿಕೆ ಬರುತ್ತಿತ್ತು. ತಲೆಮಾರಿನಿಂದ ತಲೆಮಾರಿಗೆ ಹೀಗೆ ಆಯ್ದ ಗುಣವೇ ನನಗೆ ಸೊಕ್ಕಾಗಿ ಕಂಡಿತ್ತು.

ಮುತ್ಯಾನಿಗೂ ಮೋತ್ಯಾನಿಗೂ ಇದ್ದ ನಂಟಿನಲ್ಲಿ ಮುದ್ದಾಟ ಕಡಿಮೆ, ಲೆಕ್ಕ ಚೊಕ್ಕ. ಮುತ್ಯಾ ತಾನು ಉಣ್ಣುವ ಮೊದಲು ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ನಾಯಿಗೆ ಇಡುತ್ತಿದ್ದ. ಇಟ್ಟು ಅತ್ತ ಸರಿಯುತ್ತಿದ್ದ, ಅದು ತಿನ್ನುವುದನ್ನು ನೋಡುತ್ತಾ ನಿಲ್ಲುತ್ತಿರಲಿಲ್ಲ. ಕೊರಳಿಗೆ ಸರಪಳಿ ಇರಲಿಲ್ಲ. ಹಿಂಡು ಬೆಳಿಗ್ಗೆ ಎದ್ದಾಗ ಮೋತ್ಯಾ ತಾನಾಗಿ ಎದ್ದು ಮುಂದೆ ನಡೆಯುತ್ತಿತ್ತು. ಎಲ್ಲಿಗೆ ಬೇಕಾದರೂ ಹೋಗಬಲ್ಲ ಪ್ರಾಣಿ ದಿನವೂ ಅವನ ಜೊತೆಗೇ ಹೋಗುತ್ತಿತ್ತು. ಮುತ್ಯಾ ಮಲಗಿದ್ದ ಕಂಬಳಿಯ ಹತ್ತಿರ ಹೊರಗಿನವರು ಸುಳಿದರೆ ಮಾತ್ರ ಅದರ ಗುರುಗುಡುವಿಕೆ ಕೇಳಿಸುತ್ತಿತ್ತು.

ನಾಯಿಯನ್ನು ಬಾಗಿಲ ಹೊರಗೆ ಇಟ್ಟರೂ ದೇವರ ಪಕ್ಕಕ್ಕೆ ತಂದು ಕೂಡಿಸಿದ ನಾಡು ನಮ್ಮದು. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ಕೂಡುವಲ್ಲಿ, ದತ್ತಾತ್ರೇಯನ ಕ್ಷೇತ್ರವಿದೆ. ದತ್ತನ ಪಟಗಳಲ್ಲಿ ಅವನ ಕಾಲ ಬಳಿ ನಾಲ್ಕು ನಾಯಿಗಳು. ಅವೇ ನಾಲ್ಕು ವೇದಗಳು ಎಂದು ಭಕ್ತರು ನಂಬುತ್ತಾರೆ. ಮಧುಕರಿ ಬೇಡುವ ಆ ಊರಿನಲ್ಲಿ ದತ್ತ ಯಾವ ರೂಪದಲ್ಲಾದರೂ ಬಂದಾನು ಎಂಬ ನಂಬಿಕೆಯಿದೆ. ಅದಕ್ಕೇ ನಾಯಿಗೂ ತುತ್ತು ಸಿಗುತ್ತದೆ. ಮೈಲಾರಲಿಂಗನ ಒಕ್ಕಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅವನ ಸೇವೆಗೆ ನಿಂತ ಗೊರವಯ್ಯಗಳು ಕಂಬಳಿ ಹೊದ್ದು, ತಾವು ಮೈಲಾರನ ನಾಯಿಗಳೆಂದು ಬೊಗಳುತ್ತಾ ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ಬಾಯಿಂದಲೇ ತಿನ್ನುತ್ತಾರೆ. ಕುರಿ ಕಾಯುವವರ ದೇವರಿಗೆ ನಾಯಿಗಿಂತ ನಂಬಿಕಸ್ಥ ಬಂಟ ಇನ್ನಾರು ಸಿಕ್ಕಾರು?

ಕೃಷ್ಣೆಯ ಆಚೆ ಮುಧೋಳದಲ್ಲಿ, ತಾನೇ ತೀರ್ಮಾನಿಸುವ ನಾಯಿಯ ಇದೇ ಗುಣ ಬೇಟೆಯ ಕಡೆ ಬೆಳೆಯಿತು. ಉದ್ದ ಮುಖ, ಆಳವಾದ ಎದೆ, ಒಳಸರಿದ ಹೊಟ್ಟೆಯ ಮುಧೋಳ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಓಡುತ್ತದೆ. ಮೊಲ ಕಂಡ ಮರುಕ್ಷಣ ಅದು ಬೇಟೆಗಾರನ ಕೂಗು ಮುಟ್ಟದಷ್ಟು ದೂರ ಹೋಗಿರುತ್ತದೆ. ಅಲ್ಲಿಯೂ ನಾಯಿಯ ತೀರ್ಮಾನವೇ ಕೊನೆಯದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಜತನ ಮಾಡಿದರು. ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇದರ ಚಿತ್ರವುಳ್ಳ ಚೀಟಿ ಹೊರಡಿಸಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದರ ಮರಿಗಳನ್ನು ಬೆಳೆಸುತ್ತಿದೆ. ಸೇನೆಯೂ ಮರಿಗಳನ್ನು ಒಯ್ದು ಮೀರತ್ತಿನಲ್ಲಿ ತರಬೇತಿ ಕೊಟ್ಟಿದೆ.

ಮುಧೋಳಕ್ಕೆ ಸಿಕ್ಕ ಈ ಹೆಸರು ಕುರಿಹಟ್ಟಿಯ ನಾಯಿಗೆ ಸಿಗಲಿಲ್ಲ. ಅದಕ್ಕೆ ತಳಿಯ ಹೆಸರಿಲ್ಲ, ಅಂಚೆಚೀಟಿಯಿಲ್ಲ, ಸಂಶೋಧನಾ ಕೇಂದ್ರವಿಲ್ಲ. ನಮ್ಮ ಕಡೆ ಗಾಯರಾಣ ಕರಗಿದೆ, ಬೀಳು ಬಿಡುತ್ತಿದ್ದ ಹೊಲಗಳಲ್ಲಿ ತೊಗರಿ ನಿಂತಿದೆ, ಗೊಬ್ಬರ ಚೀಲದಲ್ಲಿ ಬರುತ್ತದೆ. ಹಿಂಡುಗಳು ಕಡಿಮೆಯಾದಂತೆ ನಾಯಿಗಳ ಕೆಲಸವೂ ಹೋಗುತ್ತಿದೆ. ಕುರುಬರ ಮಕ್ಕಳು ಓದಿ ಪುಣೆ, ಹೈದರಾಬಾದಿಗೆ ಹೋಗುವುದು ಒಳ್ಳೆಯದೇ. ಅವರು ಹಟ್ಟಿಯಲ್ಲೇ ಇರಲಿ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಮುತ್ತಜ್ಜಂದಿರು ನಾಯಿಯ ಬುದ್ಧಿಯನ್ನು ಆರಿಸಿ ಆರಿಸಿ ಬೆಳೆಸಿದ ವಿದ್ಯೆ ಬರೆದಿಡದೆ ಹೋಗಬಾರದು.

ಇನ್ನೊಂದು ಕಡೆ, ಪಟ್ಟಣಗಳಲ್ಲಿ ಮುಧೋಳ ಮರಿ ಕೊಂಡು ಮೂರನೆಯ ಮಾಳಿಗೆಯಲ್ಲಿ ಕಟ್ಟಿ ಹಾಕುವವರು ಹೆಚ್ಚಾಗಿದ್ದಾರೆ. ಓಡಲು ಬಯಲಿಲ್ಲದೆ ಅದು ಒದರಿದರೆ, ಮಾತು ಕೇಳದ ನಾಯಿ ಎಂದು ಬೈದು ಬೀದಿಗೆ ಬಿಡುವವರೂ ಇದ್ದಾರೆ. ತಲೆತಲಾಂತರದಿಂದ ತನ್ನ ತೀರ್ಮಾನ ತಾನೇ ಮಾಡಲೆಂದು ಬೆಳೆಸಿದ ಪ್ರಾಣಿಯನ್ನು, ತೀರ್ಮಾನ ಮಾಡಿತೆಂದು ಹೊರದಬ್ಬುವುದು ಅನ್ಯಾಯ.

ಅದಕ್ಕಾಗಿ ಓದುಗರಲ್ಲಿ ನನ್ನದು ಮೂರು ಕೋರಿಕೆ. ದಿನಕ್ಕೆರಡು ಸಲ ಬಯಲಲ್ಲಿ ಓಡಿಸುವ ಪುರಸೊತ್ತು ಇಲ್ಲದವರು ಇಂಥ ನಾಯಿಯನ್ನು ತರಬೇಡಿ. ಬೆಂಗಳೂರಿಗೆ ಹೋದಾಗ ವಸ್ತುಸಂಗ್ರಹಾಲಯದ ಕಾಳಿಯ ಕಲ್ಲನ್ನು ಮಕ್ಕಳಿಗೆ ತೋರಿಸಿ, ಮಣಲೆರನ ಕತೆ ಹೇಳಿ. ನಿಮ್ಮೂರಿನ ಹೊಲಕ್ಕೆ ಕುರಿ ಬಂದರೆ ಹಟ್ಟಿಯ ಹಿರಿಯರ ಜೊತೆ ಒಂದು ಸಂಜೆ ಕೂತು, ಅವರ ನಾಯಿಯ ವಂಶ, ಅದರ ತಾಯಿ, ಅದು ಕುರಿ ಉಳಿಸಿದ ರಾತ್ರಿಗಳ ಸಂಗತಿ ಕೇಳಿ ಬರೆದಿಡಿ. ಹತ್ತನೆಯ ಶತಮಾನದಲ್ಲಿ ಒಬ್ಬ ವೀರ ಒಂದು ನಾಯಿಗೆ ಮಾಡಿದ ಈ ಕೆಲಸವನ್ನು, ಓದು ಬರಹ ಬಲ್ಲ ನಾವು ಇಂದು ಮಾಡಲೇಬೇಕು.